ಹಳೆ ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಬಿಚ್ಚಿಸುವ ಮೊದಲು ಇಷ್ಟನ್ನು ನೋಡಿಕೊಳ್ಳಿ



ನಮ್ಮ ಈ ಪುಟದಲ್ಲಿ ರಾಜ್ಯೋತ್ಸವದ ಸಿದ್ಧತೆ, ಕನ್ನಡ ಶಾಲೆಗಳ ಮಕ್ಕಳ ಸತ್ಕಾರ, ಭಜನೆ-ಉಪನ್ಯಾಸಗಳ ಸುದ್ದಿಯೇ ಹೆಚ್ಚು. ಗೇರ್‌ಬಾಕ್ಸಿನ ಲೇಖನ ಇಲ್ಲೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ಕಾರಣವಿದೆ. ಕಳೆದ ದ್ರಾಕ್ಷಿ ಹಂಗಾಮಿನ ಹೊತ್ತಿಗೆ ಜತ್ತ ತಾಲ್ಲೂಕಿನ ನಮ್ಮ ಸದಸ್ಯರೊಬ್ಬರು ಫೋನ್ ಮಾಡಿದರು. ಪುಣೆಯಿಂದ ಸೆಕೆಂಡ್ ಹ್ಯಾಂಡ್ ತಂದ ಅವರ ಡಬಲ್ ಕ್ಯಾಬ್ ಪಿಕಪ್ ಆಟೋಮ್ಯಾಟಿಕ್ ಗೇರಿನದು. ಬೆಳಿಗ್ಗೆ ಚೆನ್ನಾಗಿ ಓಡುತ್ತದೆ, ಮಧ್ಯಾಹ್ನ ಬಿಸಿಲಿಗೆ, ಏರಿಗೆ, ಎಂಜಿನ್ ಕೂಗುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಗ್ಯಾರೇಜಿನವರು ಒಂದು ಸುತ್ತು ಓಡಿಸಿ, ಗೇರ್‌ಬಾಕ್ಸ್ ಹೋಗಿದೆ, ಪೂರ್ತಿ ಬಿಚ್ಚಬೇಕು, 85,000 ರೂಪಾಯಿ ಆಗುತ್ತದೆ ಎಂದರಂತೆ. "ಅವರು ಮರಾಠಿಯೊಳಗ ಏನೇನೋ ಹೇಳಿದ್ರಿ, ನನಗ ಅರ್ಧ ತಿಳೀಲಿಲ್ಲ, ಹೂಂ ಅಂದು ಬಂದೀನಿ" ಎಂದರು ನಮ್ಮ ಸದಸ್ಯರು. ತೋಟದಲ್ಲಿ ಹಣ್ಣು ಕೊಯ್ಲಿಗೆ ಬಂದಿತ್ತು. ಗಾಡಿ ಹದಿನೈದು ದಿನ ನಿಂತರೆ ಗತಿ ಏನು?

ನಾವು ಮೆಕ್ಯಾನಿಕ್‌ಗಳಲ್ಲ. ಆದರೆ ವರ್ಕ್‌ಶಾಪಿನಲ್ಲಿ ಆಯುಷ್ಯ ಕಳೆದ ಹಿರಿಯರು ನಮ್ಮ ಸಂಘದಲ್ಲಿದ್ದಾರೆ. ಅವರನ್ನು ಕರೆದುಕೊಂಡು ಹೋಗಿ ಬೇರೆ ಕಡೆ ಗಾಡಿ ಎತ್ತಿಸಿ ನೋಡಿದೆವು. ಆಯಿಲಿನ ಮಟ್ಟ ನೋಡುವ ಬೋಲ್ಟು ಬಿಚ್ಚಿದರೆ ಒಂದು ಹನಿಯೂ ಹೊರಬರಲಿಲ್ಲ. ಕೂಲರಿಗೆ ಹೋಗುವ ರಬ್ಬರ್ ಪೈಪಿನ ಜೋಡಣೆಯಲ್ಲಿ ಸಣ್ಣಗೆ ಜಿನುಗಿ, ಲೀಟರಿಗಿಂತ ಹೆಚ್ಚು ಆಯಿಲ್ ತಿಂಗಳುಗಟ್ಟಲೆ ರಸ್ತೆಯ ಪಾಲಾಗಿತ್ತು. ಪೈಪು ಬದಲಾಯಿಸಿ, ಹೊಸ ಆಯಿಲ್ ಹಾಕಿದ ಮೇಲೆ ಅದೇ ಗಾಡಿ ಇಡೀ ಹಂಗಾಮು ಹಣ್ಣು ಹೊತ್ತಿತು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಇಚಲಕರಂಜಿ ಕಡೆಯ ಇನ್ನೊಬ್ಬ ಸದಸ್ಯರು ಇಂಥದೇ ಲಕ್ಷಣ ಕಂಡರೂ "ನಡೀತೈತಲ್ಲ" ಎಂದು ಎರಡು ತಿಂಗಳು ಓಡಿಸಿದರು. ಅವರ ಗಾಡಿಯ ಆಯಿಲ್ ಕಪ್ಪಾಗಿ ಸುಟ್ಟು ನಾರುತ್ತಿತ್ತು. ಅಲ್ಲಿ ಬಿಚ್ಚದೆ ಬೇರೆ ದಾರಿಯೇ ಇರಲಿಲ್ಲ. ಆದ್ದರಿಂದ ಗ್ಯಾರೇಜಿನವರೆಲ್ಲ ಸುಳ್ಳು ಹೇಳುತ್ತಾರೆ ಎಂದು ಸಾಧಿಸುವುದು ಈ ಲೇಖನದ ಉದ್ದೇಶವಲ್ಲ. ರೋಗ ಯಾವುದು ಎಂದು ತಿಳಿಯದೆ ಆಪರೇಷನ್‌ಗೆ ಒಪ್ಪಬೇಡಿ, ರೋಗ ಕಂಡ ಮೇಲೆ ತಡವನ್ನೂ ಮಾಡಬೇಡಿ ಎಂಬುದಷ್ಟೇ ನಮ್ಮ ಮಾತು.

ನಮ್ಮ ಭಾಗದ ಗಾಡಿಗಳು

ಸಾಂಗ್ಲಿ ಮಾರ್ಕೆಟ್ ಯಾರ್ಡಿಗೆ ಅರಿಷಿಣ ತರುವ, ತಾಸಗಾಂವಕ್ಕೆ ಬೇದಾಣೆ ಒಯ್ಯುವ, ಕಾಗವಾಡ-ಅಥಣಿ-ಉಗಾರ ಕಡೆಯಿಂದ ಮಿರಜಕ್ಕೆ ತರಕಾರಿ ತರುವ ಪಿಕಪ್‌ಗಳಲ್ಲಿ ಹೆಚ್ಚಿನವು ಕೈಗೇರಿನವು. ಬೊಲೆರೊ ಪಿಕಪ್, ಟಾಟಾ 207, 2005ರಲ್ಲಿ ಬಂದ ಟಾಟಾ ಏಸ್ ಎಲ್ಲವೂ ಕ್ಲಚ್ ಒತ್ತಿ ಗೇರ್ ಹಾಕುವ ಗಾಡಿಗಳು. ಆಟೋಮ್ಯಾಟಿಕ್ ಪಿಕಪ್ ನಮ್ಮ ದೇಶದಲ್ಲಿ ಈಚಿನದು. ಇಸುಜು ವಿ-ಕ್ರಾಸ್ 2019ರಲ್ಲಿ, ಟೊಯೊಟಾ ಹೈಲಕ್ಸ್ 2022ರಲ್ಲಿ ಆಟೋಮ್ಯಾಟಿಕ್ ಗೇರಿನೊಂದಿಗೆ ಬಂದವು. ದೊಡ್ಡ ಶಹರದವರು ಕೆಲವು ವರ್ಷ ಓಡಿಸಿ ಮಾರಿದ ಇಂಥ ಗಾಡಿಗಳು ಈಗ ನಮ್ಮ ಊರುಗಳಿಗೆ ಬರತೊಡಗಿವೆ. ಗಾಡಿ ಬಂದಷ್ಟು ಬೇಗ ಅದರ ತಿಳಿವಳಿಕೆ ಬಂದಿಲ್ಲ. ತೊಂದರೆ ಇರುವುದು ಇಲ್ಲಿಯೇ.

ಒಂದು ಸೂಚನೆ. ಕ್ಲಚ್ ಪೆಡಲ್ ಇಲ್ಲದ ಗಾಡಿಗಳೆಲ್ಲ ಒಂದೇ ಜಾತಿಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ನಮ್ಮಲ್ಲಿ ಪ್ರಚಾರಕ್ಕೆ ಬಂದ ಎಎಂಟಿ ಎಂಬುದು ಒಳಗೆ ಕೈಗೇರಿನ ಡಬ್ಬಿಯೇ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಕೆಳಗೆ ಹೇಳುವುದು ಟಾರ್ಕ್ ಕನ್ವರ್ಟರ್ ಇರುವ ನಿಜವಾದ ಆಟೋಮ್ಯಾಟಿಕ್‌ಗೆ ಸಂಬಂಧಿಸಿದ್ದು. ಕೈಗೇರಿನವರಿಗಾಗಿ ಕೊನೆಯಲ್ಲಿ ಬೇರೆ ಭಾಗ ಬರೆದಿದ್ದೇವೆ.

ಒಳಗೆ ಏನು ನಡೆಯುತ್ತದೆ

ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಚಾಲೂ ಮಾಡಿ. ಅದರ ಗಾಳಿಗೆ ಎರಡನೆಯದೂ ತಿರುಗುತ್ತದೆ. ಟಾರ್ಕ್ ಕನ್ವರ್ಟರಿನಲ್ಲಿ ಗಾಳಿಯ ಬದಲು ಆಯಿಲ್ ಇದೆ, ಅಷ್ಟೇ. ಎಂಜಿನ್ ಒಂದು ಚಕ್ರವನ್ನು ತಿರುಗಿಸುತ್ತದೆ, ಅದು ಎರಚಿದ ಆಯಿಲಿನ ಹೊಡೆತಕ್ಕೆ ಗೇರ್‌ಬಾಕ್ಸಿನ ಕಡೆಯ ಚಕ್ರ ತಿರುಗುತ್ತದೆ. ಹೀಗಾಗಿಯೇ ಸಿಗ್ನಲ್‌ನಲ್ಲಿ ಗೇರಿನಲ್ಲಿದ್ದರೂ ಎಂಜಿನ್ ಬಂದ್ ಆಗುವುದಿಲ್ಲ. ಗಾಡಿ ವೇಗ ಹಿಡಿದ ಮೇಲೆ ಕನ್ವರ್ಟರಿನೊಳಗಿನ ಲಾಕಪ್ ಕ್ಲಚ್ ಎರಡನ್ನೂ ಹಿಡಿದು ಒಂದು ಮಾಡುತ್ತದೆ.

ಅದರ ಹಿಂದೆ ಗೇರುಗಳಿವೆ. ಇವುಗಳಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಸಣ್ಣ ಸಣ್ಣ ಕ್ಲಚ್ ತಟ್ಟೆಗಳ ಕಟ್ಟುಗಳು ಮಾಡುತ್ತವೆ. ಆ ಕಟ್ಟುಗಳನ್ನು ಒತ್ತಿ ಹಿಡಿಯುವುದೂ ಆಯಿಲಿನ ಒತ್ತಡವೇ. ಎಂಜಿನ್ ತಿರುಗಿದಾಗ ಪಂಪು ತಿರುಗುತ್ತದೆ, ಪಂಪಿನಿಂದ ಒತ್ತಡ ಬರುತ್ತದೆ, ವಾಲ್ವ್ ಬಾಡಿ ಎಂಬ ಕಾಲುವೆಗಳ ಜಾಲ ಆ ಒತ್ತಡವನ್ನು ಬೇಕಾದ ಕಡೆ ಕಳಿಸುತ್ತದೆ. ನಮ್ಮ ಕೃಷ್ಣಾ ದಂಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೋಟರಿನಲ್ಲಿ ನೀರು ಕಡಿಮೆಯಾದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಹಾಗೆಂದು ಹೊಲ ಕೆಟ್ಟಿದೆ ಎನ್ನುತ್ತೇವೆಯೇ?

ಅಂದರೆ ಇಲ್ಲಿ ಆಯಿಲ್ ಬರೀ ಜಾರಿಕೆಗೆ ಇರುವುದಲ್ಲ. ಎಂಜಿನ್ನಿನ ಬಲ ಸಾಗಿಸುವುದು, ಕ್ಲಚ್ ಒತ್ತುವುದು, ಬಿಡಿಭಾಗ ಸವೆಯದಂತೆ ಕಾಯುವುದು, ಕಾವು ಹೊರಗೆ ಒಯ್ಯುವುದು ಎಂಬ ನಾಲ್ಕು ಕೆಲಸ ಅದರ ಪಾಲಿಗಿವೆ. ಆದ್ದರಿಂದ ಪರೀಕ್ಷೆ ಶುರುವಾಗಬೇಕಾದದ್ದು ಆಯಿಲಿನಿಂದಲೇ.

ಮೊದಲು ಬರೆದುಕೊಳ್ಳಿ

ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವರ ಅಭ್ಯಾಸ ಇದು ಎಂದು ನಗಬೇಡಿ. ಒಂದು ವಹಿಯಲ್ಲಿ ತಾರೀಖು, ಓಡಿದ ಕಿಲೋಮೀಟರು ಹಾಕಿ ಇಷ್ಟನ್ನು ಬರೆಯಿರಿ. ತೊಂದರೆ ತಣ್ಣಗಿದ್ದಾಗಲೋ ಕಾದ ಮೇಲೋ? ಎಲ್ಲ ಗೇರುಗಳಲ್ಲೋ ಒಂದರಲ್ಲಿ ಮಾತ್ರವೋ? ಖಾಲಿ ಗಾಡಿಗೂ ಇದೆಯೋ, ಹೇರಿದಾಗ ಮಾತ್ರವೋ? ರಿವರ್ಸ್ ಸರಿ ಇದೆಯೇ? ಯಾವುದಾದರೂ ರಿಪೇರಿ, ಬ್ಯಾಟರಿ ಬದಲು, ನೀರಿನಲ್ಲಿ ದಾಟಿದ್ದು ಆದ ಮೇಲೆ ಶುರುವಾಯಿತೇ? ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳನ್ನೇ ಕೇಳುತ್ತಾನೆ. ಉತ್ತರ ಸಿದ್ಧವಿದ್ದರೆ ಅರ್ಧ ಕೆಲಸ ಮುಗಿಯಿತು.

ಆಯಿಲ್ ನೋಡುವ ಕ್ರಮ

ಎಂಜಿನ್ ಆಯಿಲನ್ನು ಎಂಜಿನ್ ಬಂದ್ ಮಾಡಿ ನೋಡುತ್ತೇವೆ. ಇದು ಹಾಗಲ್ಲ. ಡಿಪ್‌ಸ್ಟಿಕ್ ಇರುವ ಗಾಡಿಗಳಲ್ಲಿ ಸಾಮಾನ್ಯ ಕ್ರಮ ಹೀಗಿದೆ: ಒಂದಿಷ್ಟು ದೂರ ಓಡಿಸಿ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಬ್ರೇಕ್ ಒತ್ತಿ ಹಿಡಿದು ಲಿವರನ್ನು ಪ್ರತಿ ಸ್ಥಾನದಲ್ಲೂ ಎರಡು ಸೆಕೆಂಡು ಇಟ್ಟು ಪಾರ್ಕಿಗೆ ತನ್ನಿ. ಎಂಜಿನ್ ಚಾಲೂ ಇರುವಾಗಲೇ ಕಡ್ಡಿ ಎಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಕೆಲವು ಕಂಪನಿಯವರು ನ್ಯೂಟ್ರಲ್‌ನಲ್ಲಿ ನೋಡಿ ಎನ್ನುತ್ತಾರೆ. ಗಾಡಿಯ ಪುಸ್ತಕ ಏನು ಹೇಳುತ್ತದೋ ಅದೇ ಸರಿ.

ಹೊಸ ಗಾಡಿಗಳಲ್ಲಿ ಹಲವಕ್ಕೆ ಕಡ್ಡಿಯೇ ಇಲ್ಲ. ಕೆಳಗಿನ ಮಟ್ಟದ ಬೋಲ್ಟನ್ನು, ಆಯಿಲ್ ಇಂತಿಷ್ಟೇ ಬಿಸಿಯಿದ್ದಾಗ ಬಿಚ್ಚಿ ನೋಡಬೇಕು. ಇದು ಗ್ಯಾರೇಜಿನ ಕೆಲಸ. ಆದರೆ "ಮಟ್ಟ ನೋಡಿದಿರಾ?" ಎಂದು ಕೇಳುವುದು ನಮ್ಮ ಕೆಲಸ.

ಬಿಳಿ ಕಾಗದದ ಮೇಲೆ ಎರಡು ಹನಿ ಹಾಕಿ ಬಣ್ಣ ನೋಡಿ, ಮೂಸಿ ನೋಡಿ.

ಕೆಂಪಗೆ, ತಿಳಿಯಾಗಿದ್ದರೆ ಚೆನ್ನಾಗಿದೆ. ಸೋರಿದಾಗ ಗುರುತು ಸಿಗಲೆಂದೇ ಈ ಬಣ್ಣ ಹಾಕಿರುತ್ತಾರೆ. ಕೆಲವು ಕಂಪನಿಗಳ ಆಯಿಲ್ ಹೊಸದಿದ್ದಾಗಲೂ ಕೆಂಪಿರುವುದಿಲ್ಲ, ಅದು ನೆನಪಿರಲಿ.

ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ, ಬದಲಿಸುವ ಕಾಲ ಬಂದಿದೆ.

ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ಕ್ಲಚ್ ತಟ್ಟೆಗಳು ಜಾರಿ ಸುಟ್ಟಿವೆ. ಇಲ್ಲಿ ಆಯಿಲ್ ಬದಲಿಯಿಂದ ಮಾತ್ರ ಗುಣವಾದೀತು ಎಂದು ನಂಬಬೇಡಿ.

ಗುಲಾಬಿ ಶರಬತ್ತು ಬೆರೆಸಿದ ಹಾಲಿನಂತಿದ್ದರೆ ನೀರು ಸೇರಿದೆ. ಹಲವು ಗಾಡಿಗಳಲ್ಲಿ ಗೇರ್ ಆಯಿಲಿನ ಕೂಲರ್ ರೇಡಿಯೇಟರಿನೊಳಗೇ ಇರುತ್ತದೆ. ಅದು ಒಳಗೆ ಬಿರಿದರೆ ಕೂಲಂಟ್ ಗೇರ್‌ಬಾಕ್ಸಿಗೆ ಬರುತ್ತದೆ. ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕು.

ಕೆಳಗಿನ ಪ್ಯಾನ್ ಬಿಚ್ಚಿದಾಗ ಆಯಸ್ಕಾಂತಕ್ಕೆ ಹತ್ತಿದ ನುಣ್ಣನೆಯ ಬೂದು ಕೆಸರು ಸಹಜ ಸವೆತ. ಉಗುರಿಗೆ ಸಿಗುವಂಥ ಲೋಹದ ಚೂರು ಇದ್ದರೆ ಮಾತ್ರ ಒಳಗೆ ಏನೋ ಮುರಿದಿದೆ ಎಂದು ತಿಳಿಯಬೇಕು. ಬೂದು ಕೆಸರನ್ನು ತೋರಿಸಿ ಹೆದರಿಸುವವರೂ ಇದ್ದಾರೆ, ಎಚ್ಚರ.

ಈ ಆಯಿಲ್ ಖರ್ಚಾಗುವಂಥದಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ತುಂಬಿಸಿ ಸುಮ್ಮನಾಗಬೇಡಿ, ಸೋರುವ ಜಾಗ ಹುಡುಕಿ. ಹೆಚ್ಚು ತುಂಬಿದರೂ ಕೇಡೇ. ತಿರುಗುವ ಭಾಗಗಳು ಆಯಿಲನ್ನು ಮಜ್ಜಿಗೆಯಂತೆ ಕಡೆದು ನೊರೆ ಮಾಡುತ್ತವೆ, ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ, ಮತ್ತೆ ಗೇರ್ ಜಾರುತ್ತದೆ. ಎಂಜಿನ್ ಆಯಿಲ್, ಕೈಗೇರಿನ ದಪ್ಪ ಆಯಿಲ್ ಇದಕ್ಕೆ ನಡೆಯುವುದಿಲ್ಲ. ಡೆಕ್ಸ್‌ರಾನ್, ಮರ್ಕಾನ್ ಎಂದು ನಾನಾ ಹೆಸರುಗಳಿವೆ. ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿಸಿ.

ಸೋರಿಕೆ

ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ಕೆಂಪು ಕಲೆ ಕಂಡರೆ ಗೇರ್ ಆಯಿಲ್ ಎಂದು ಶಂಕಿಸಿ. ಕೆಲವು ಗಾಡಿಗಳ ಪವರ್ ಸ್ಟೀರಿಂಗ್‌ಗೂ ಕೆಂಪು ಆಯಿಲೇ ಇರುವುದರಿಂದ ಕಲೆ ಬಿದ್ದ ಜಾಗವನ್ನೂ ಗಮನಿಸಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಹನಿಯುತ್ತಿದ್ದರೆ ಪಂಪಿನ ಸೀಲ್, ನಡುವೆ ಹನಿದರೆ ಪ್ಯಾನಿನ ಗ್ಯಾಸ್ಕೆಟ್, ಮುಂದೆ ರೇಡಿಯೇಟರಿನ ಹತ್ತಿರವಾದರೆ ಕೂಲರಿನ ಪೈಪು, ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಹೊರಡುವಲ್ಲಿಯಾದರೆ ಹಿಂದಿನ ಸೀಲ್. ಪಂಪಿನ ಸೀಲಿಗೆ ಮಾತ್ರ ಗೇರ್‌ಬಾಕ್ಸ್ ಇಳಿಸಬೇಕು. ಉಳಿದವು ಇಳಿಸದೆ ಆಗುವ ಕೆಲಸ.

ಗೇರ್‌ಬಾಕ್ಸಿನಂತೆ ಕಂಡರೂ ಗೇರ್‌ಬಾಕ್ಸಿನದಲ್ಲದ್ದು

ಹಳೆ ಗಾಡಿಯಲ್ಲಿ ಹೆಚ್ಚು ಮೋಸ ಹೋಗುವುದು ಇಲ್ಲಿ.

ಬ್ಯಾಟರಿ ಸೋತಿದ್ದರೆ, ಅರ್ಥಿಂಗ್ ತಂತಿ ತುಕ್ಕು ಹಿಡಿದಿದ್ದರೆ ಕಂಪ್ಯೂಟರಿಗೆ ಸರಿಯಾದ ವೋಲ್ಟೇಜ್ ಸಿಗುವುದಿಲ್ಲ. ಅದು ಗಾಡಿಯನ್ನು ಕಾಪಾಡಲು ಒಂದೇ ಗೇರಿನಲ್ಲಿ ಹಿಡಿದುಬಿಡುತ್ತದೆ. ಗಾಡಿ ಎದ್ದೇಳುವುದೇ ಇಲ್ಲ, ಮೂರನೇ ಗೇರಿನಲ್ಲಿ ತೆವಳುತ್ತದೆ. ನೋಡುವವರಿಗೆ ಗೇರ್‌ಬಾಕ್ಸ್ ಹೋದಂತೆಯೇ.

ಇಲಿ ಕಡಿದ ವೈರು, ನೀರು ಹೊಕ್ಕ ಕನೆಕ್ಟರ್, ಹೋದ ಫ್ಯೂಸ್ ಇವುಗಳಿಂದಲೂ ಹೀಗಾಗುತ್ತದೆ. ಕಬ್ಬಿನ ಗದ್ದೆಯ ಪಕ್ಕ ಗಾಡಿ ನಿಲ್ಲಿಸುವವರು ಬಾನೆಟ್ ತೆಗೆದು ವೈರುಗಳ ಮೇಲೆ ಕಣ್ಣಾಡಿಸಿ.

ಲಿವರಿನ ಕೇಬಲ್ ಸಡಿಲಾಗಿದ್ದರೆ ಲಿವರ್ ಡಿ ತೋರಿಸುತ್ತದೆ, ಒಳಗೆ ಗೇರ್ ಅರ್ಧಕ್ಕೆ ನಿಂತಿರುತ್ತದೆ. ಪಾರ್ಕಿನಲ್ಲಿ ಸ್ಟಾರ್ಟ್ ಆಗದೆ, ಲಿವರ್ ಅಲುಗಿಸಿದರೆ ಆಗುತ್ತಿದ್ದರೆ ಮೊದಲು ಕೇಬಲ್, ಅದರ ಬುಶ್, ಸ್ಟಾರ್ಟ್ ಆಗಲು ಬಿಡುವ ಸ್ವಿಚ್ ಇವನ್ನು ನೋಡಬೇಕು.

ಡಿ ಹಾಕಿದಾಗ ಧಡ್ ಎಂದು ಬಡಿದರೆ ಎಂಜಿನ್ ಅಥವಾ ಗೇರ್‌ಬಾಕ್ಸಿನ ರಬ್ಬರ್ ಮೌಂಟಿಂಗ್ ಹರಿದಿರಬಹುದು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿರಬಹುದು. ಡೀಸೆಲ್ ಫಿಲ್ಟರ್ ಕಟ್ಟಿದ್ದರೆ ಏರಿಗೆ ಬಲ ಬರುವುದಿಲ್ಲ. ಅದೂ ಗೇರಿನ ದೋಷದಂತೆಯೇ ಅನಿಸುತ್ತದೆ. ವ್ಯತ್ಯಾಸ ಇಷ್ಟೇ: ಗೇರ್ ಜಾರಿದರೆ ಎಂಜಿನ್ನಿನ ಸುತ್ತು ಏರುತ್ತದೆ, ವೇಗ ಏರುವುದಿಲ್ಲ. ಎಂಜಿನ್ನಿಗೇ ಬಲವಿಲ್ಲದಿದ್ದರೆ ಸುತ್ತೂ ಏರುವುದಿಲ್ಲ. ಆರ್‌ಪಿಎಂ ಮುಳ್ಳು ನೋಡಿದರೆ ಯಾವುದೆಂದು ತಿಳಿಯುತ್ತದೆ.

ಓಡಿಸಿ ನೋಡುವುದು

ಆಯಿಲ್ ಮಟ್ಟ ಸರಿ ಇದ್ದರೆ ಮಾತ್ರ ಓಡಿಸಿ ನೋಡಿ. ಬೆಳಗಿನ ಹೊತ್ತು, ಬಯಲು ರಸ್ತೆ, ಜೊತೆಗೆ ಬರೆದುಕೊಳ್ಳುವವರು ಒಬ್ಬರು ಇರಲಿ.

ಬ್ರೇಕ್ ಒತ್ತಿ ನ್ಯೂಟ್ರಲ್‌ನಿಂದ ಡಿಗೆ ಹಾಕಿ ಎಣಿಸಿ. ಒಂದು-ಒಂದೂವರೆ ಸೆಕೆಂಡಿನೊಳಗೆ ಗೇರ್ ಹಿಡಿದ ಅನುಭವ ಬರಬೇಕು. ರಿವರ್ಸ್‌ಗೂ ಹಾಗೆಯೇ. ತಣ್ಣಗಿದ್ದಾಗ ಮಾತ್ರ ತಡವಾದರೆ ಗಟ್ಟಿಯಾದ ಸೀಲುಗಳು, ರಾತ್ರಿ ಕನ್ವರ್ಟರಿನಿಂದ ಇಳಿದುಹೋಗುವ ಆಯಿಲ್ ಕಾರಣವಿರಬಹುದು. ಕಾದ ಮೇಲೆ ಮಾತ್ರ ತಡವಾದರೆ ತೆಳುವಾದ ಆಯಿಲಿನ ಒತ್ತಡ ಒಳಗೆಲ್ಲೋ ಸೋರುತ್ತಿದೆ, ಇಲ್ಲವೇ ಕೂಲರ್ ಕಟ್ಟಿದೆ.

ಎಲ್ಲ ಗೇರುಗಳಲ್ಲೂ ಜಾರಿದರೆ ಎಲ್ಲಕ್ಕೂ ಸಾಮಾನ್ಯವಾದದ್ದನ್ನು ಹುಡುಕಿ: ಆಯಿಲ್, ಕಟ್ಟಿದ ಫಿಲ್ಟರ್, ಪಂಪು, ಕನ್ವರ್ಟರ್. ಒಂದೇ ಗೇರಿನಲ್ಲಿ ಜಾರಿದರೆ ಆ ಗೇರಿನ ಕ್ಲಚ್ ಕಟ್ಟು, ಇಲ್ಲವೇ ಅದಕ್ಕೆ ಒತ್ತಡ ಕಳಿಸುವ ಸೊಲೆನಾಯ್ಡ್. ಮುಂದಿನ ಗೇರುಗಳೆಲ್ಲ ಸರಿ ಇದ್ದು ರಿವರ್ಸ್ ಮಾತ್ರ ಇಲ್ಲವೆಂದರೂ ಇದೇ ಲೆಕ್ಕ.

ಗಂಟೆಗೆ 60ರಿಂದ 80 ಕಿಲೋಮೀಟರ್ ವೇಗದಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ, ರಸ್ತೆಯ ಮೇಲಿನ ಸಾಲು ಉಬ್ಬುಗಳ ಮೇಲೆ ಹೋದಂತೆ ಗಾಡಿ ನಡುಗಿದರೆ ಲಾಕಪ್ ಕ್ಲಚ್ಚಿನ ಮೇಲೆ ಸಂಶಯಪಡಿ. ಹಿಂದೆ ಯಾರೂ ಇಲ್ಲದಿದ್ದಾಗ, ವೇಗ ಹಾಗೆಯೇ ಇರಿಸಿ, ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕಿನ ಸಂಕೇತ ಹೋದೊಡನೆ ಲಾಕಪ್ ಬಿಡುತ್ತದೆ. ನಡುಕ ಅದೇ ಕ್ಷಣ ನಿಂತರೆ ದೋಷ ಅಲ್ಲಿದೆ. ಆರಂಭದ ಹಂತದಲ್ಲಿ ಎಷ್ಟೋ ಸಲ ಸರಿಯಾದ ಹೊಸ ಆಯಿಲ್‌ನಿಂದಲೇ ಇದು ಕಡಿಮೆಯಾಗುತ್ತದೆ. ನಡುಕ ನಿಲ್ಲದಿದ್ದರೆ ಎಂಜಿನ್ ಮಿಸ್ ಆಗುತ್ತಿದೆಯೇ, ಗಾಲಿ, ಶಾಫ್ಟ್ ಸರಿ ಇವೆಯೇ ನೋಡಿ.

ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ಒತ್ತುವ ಪರೀಕ್ಷೆಯೊಂದನ್ನು ಕೆಲವರು ಮಾಡುತ್ತಾರೆ. ನೀವು ಮಾಡಬೇಡಿ. ಕೆಲವೇ ಸೆಕೆಂಡುಗಳಲ್ಲಿ ಆಯಿಲ್ ಕುದಿಯುವಷ್ಟು ಕಾಯುತ್ತದೆ. ಬ್ರೇಕ್ ಬಿಟ್ಟರೆ ಎದುರಿಗಿದ್ದವರ ಪ್ರಾಣಕ್ಕೇ ಬರುತ್ತದೆ.

ಸ್ಕ್ಯಾನರ್ ಏನು ಹೇಳುತ್ತದೆ

ಈಗ ಸಣ್ಣ ಗ್ಯಾರೇಜುಗಳಲ್ಲೂ ಸ್ಕ್ಯಾನರ್ ಇದೆ. ಬಂದ ಕೋಡನ್ನು ಬರೆದುಕೊಳ್ಳಿ, ಅಳಿಸುವ ಮೊದಲು ಫೋಟೋ ತೆಗೆಯಿರಿ. ಪಿ 0700 ಎಂದರೆ "ಗೇರಿನ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ, ಅಲ್ಲಿ ಹೋಗಿ ನೋಡಿ" ಎಂದಷ್ಟೇ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅದು ಲಕೋಟೆ, ಒಳಗಿನ ಪತ್ರವಲ್ಲ. ಪಿ 0218 ಗೇರ್‌ಬಾಕ್ಸ್ ಅತಿಯಾಗಿ ಕಾದಿದೆ, ಪಿ 0730 ಗೇರಿನ ಅನುಪಾತ ಸರಿಯಿಲ್ಲ, ಪಿ 0740 ಕನ್ವರ್ಟರಿನ ಲಾಕಪ್ ಸರಿಯಿಲ್ಲ, ಪಿ 0715 ಒಳಬರುವ ಶಾಫ್ಟಿನ ವೇಗ ಅಳೆಯುವ ಸೆನ್ಸರ್ ಸರ್ಕಿಟ್ ಸರಿಯಿಲ್ಲ ಎಂದು ಸೂಚಿಸುತ್ತವೆ. ಇದರಲ್ಲಿ ಯಾವುದೂ "ಗೇರ್‌ಬಾಕ್ಸ್ ಬದಲಿಸಿ" ಎಂಬ ಆದೇಶವಲ್ಲ. ಸೆನ್ಸರಿನ ಕೋಡ್ ಬಂದರೆ ಸೆನ್ಸರೇ ಕೆಟ್ಟಿರಬೇಕೆಂದಿಲ್ಲ, ಅದರ ವೈರು ಹರಿದಿರಬಹುದು.

ಹಗ್ಗ ಕಟ್ಟಿ ಎಳೆಯಬೇಡಿ

ನಮ್ಮ ರಸ್ತೆಗಳಲ್ಲಿ ಗಾಡಿ ನಿಂತರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದೊಯ್ಯುವುದು ರೂಢಿ. ಕೈಗೇರಿನ ಗಾಡಿಗೆ ಅದು ನಡೆದೀತು. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಬಂದ್ ಇದ್ದರೆ ಪಂಪು ಬಂದ್, ಪಂಪು ಬಂದ್ ಇದ್ದರೆ ಆಯಿಲ್ ಮೇಲೇರುವುದಿಲ್ಲ. ಹಿಂದಿನ ಗಾಲಿಗಳು ನೆಲದ ಮೇಲೆ ಉರುಳುತ್ತ ಒಳಗಿನ ಭಾಗಗಳನ್ನು ಒಣಗಿದ್ದಂತೆಯೇ ತಿರುಗಿಸುತ್ತವೆ. ಸಣ್ಣ ದೋಷಕ್ಕೆ ನಿಂತ ಗಾಡಿ ಗ್ಯಾರೇಜ್ ಮುಟ್ಟುವಷ್ಟರಲ್ಲಿ ದೊಡ್ಡ ದೋಷದ್ದಾಗುತ್ತದೆ. ಚಪ್ಪಟೆ ಲಾರಿಯ ಮೇಲೆ ಹೇರಿ ಒಯ್ಯಿರಿ, ಅದು ಸಿಗದಿದ್ದರೆ ತಿಳಿದವರಿಂದ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಿ ಎಳೆಯಿಸಿ. ತಳ್ಳಿ ಸ್ಟಾರ್ಟ್ ಮಾಡುವುದೂ ಇದೇ ಕಾರಣಕ್ಕೆ ಆಗದ ಮಾತು.

ಮಹಾಪೂರದ ನೀರು

ಆಗಸ್ಟ್ 2019ರ ಮಹಾಪೂರವನ್ನು ಸಾಂಗ್ಲಿವಾಡಿಯವರು ಮರೆಯುವಂತಿಲ್ಲ. ಆಯರ್ವಿನ್ ಪೂಲಿನ ಬಳಿ 40 ಅಡಿ ಎಚ್ಚರಿಕೆಯ ಮಟ್ಟ, 45 ಅಡಿ ಅಪಾಯದ ಮಟ್ಟ. ಆ ವರ್ಷ ನೀರು ಎರಡನ್ನೂ ಬಹಳ ಮೇಲೆ ದಾಟಿ ದಿನಗಟ್ಟಲೆ ನಿಂತಿತು. 2021ರ ಜುಲೈಯಲ್ಲಿ ಮತ್ತೊಮ್ಮೆ ಬಂತು. ಮನೆಯ ಸಾಮಾನು ಎತ್ತುವ ಗಡಿಬಿಡಿಯಲ್ಲಿ ಗಾಡಿಗಳು ನಿಂತಲ್ಲೇ ಮುಳುಗಿದವು.

ಗೇರ್‌ಬಾಕ್ಸಿಗೂ ಹಿಂದಿನ ಡಿಫರೆನ್ಷಿಯಲ್‌ಗೂ ಉಸಿರಾಡಲು ಸಣ್ಣ ಕೊಳವೆ ಇರುತ್ತದೆ. ನೀರು ಅದರ ಮೇಲೆ ಬಂದರೆ ಒಳಗೆ ಹೋಗುತ್ತದೆ. ಮುಳುಗಬೇಕೆಂದೇನೂ ಇಲ್ಲ. ಕಾದ ಗಾಡಿ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಹಳೆ ಸೀಲುಗಳ ಮೂಲಕವೂ ನೀರನ್ನು ಎಳೆದುಕೊಳ್ಳಬಲ್ಲದು. ಆಟೋಮ್ಯಾಟಿಕ್‌ನ ಕ್ಲಚ್ ತಟ್ಟೆಗಳ ಮೇಲಿನ ಪದರು ಕಾಗದದಂಥ ವಸ್ತು, ಅಂಟಿನಿಂದ ಕೂತಿರುತ್ತದೆ. ನೀರು ಅದನ್ನು ಮೆತ್ತಗೆ ಮಾಡಿ ಬಿಡಿಸುತ್ತದೆ. ಇಂಥ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ, "ಒಮ್ಮೆ ನೋಡೋಣ" ಎಂದೂ ಮಾಡಬೇಡಿ. ನೀರು ಇಳಿದ ಮೇಲೆ ಮೊದಲು ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರರ ಆಯಿಲೂ ನೋಡಿಸಿ, ಬೆಳ್ಳಗಾಗಿದ್ದರೆ ಇಳಿಸಿರಿ. ಪ್ಯಾನ್ ಖಾಲಿ ಮಾಡಿದರೂ ಕನ್ವರ್ಟರಿನಲ್ಲಿ ಅರ್ಧದಷ್ಟು ಆಯಿಲ್ ಉಳಿದಿರುತ್ತದೆ, ಆದ್ದರಿಂದ ಒಂದೇ ಸಲದ ಬದಲಿ ಸಾಲದು. ವಿಮೆ ಇದ್ದವರು ಕೈ ಹಚ್ಚುವ ಮೊದಲೇ ಫೋಟೋ ತೆಗೆದು ವಿಮಾ ಕಂಪನಿಗೆ ತಿಳಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಇದು ಪಾಠ. ನೆಲಹಾಸು ಎತ್ತಿ ಮಣ್ಣು ನೋಡಿ, ಸೀಟಿನ ಹಳಿಗಳ ತುಕ್ಕು ನೋಡಿ, ಹೆಡ್‌ಲೈಟ್ ಒಳಗೆ ಕೆಸರಿನ ಗೆರೆ ಇದೆಯೇ ನೋಡಿ. ತಣ್ಣಗಿರುವಾಗ ನೀವೇ ಮೊದಲ ಸಲ ಸ್ಟಾರ್ಟ್ ಮಾಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಯಾಕೆಂದು ಕೇಳಿ. ಎಂಎಚ್ 10ರ ಗಾಡಿಯನ್ನು ಕೆಎ 23ರ ಕಡೆಗೆ ಒಯ್ಯುವವರು, ಅಲ್ಲಿಂದ ಇಲ್ಲಿಗೆ ತರುವವರು ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಪಡೆಯುವುದನ್ನು ಮರೆಯಬೇಡಿ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಅಲ್ಲಿಯ ನೋಂದಣಿ ಬೇಕು.

ಕೈಗೇರಿನ ಗಾಡಿಯವರಿಗೆ

ಇವರಿಗೆ ಕಿವಿಯೇ ಉಪಕರಣ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಟ್ಟು ಕೇಳಿ. ಕ್ಲಚ್ ಬಿಟ್ಟಾಗ ಸಪ್ಪಳವಿದ್ದು, ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ಬೇರಿಂಗ್. ಒತ್ತಿದಾಗ ಮಾತ್ರ ಸಪ್ಪಳ ಬಂದರೆ ಕ್ಲಚ್ಚಿನ ರಿಲೀಸ್ ಬೇರಿಂಗ್. ಎಲ್ಲ ಗೇರುಗಳೂ ಕರಕರ ಎನ್ನುತ್ತ ಬೀಳುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಗೇರ್‌ಬಾಕ್ಸ್ ಬಿಚ್ಚುವ ಮೊದಲು ಕ್ಲಚ್ ಆಯಿಲ್, ಸಿಲಿಂಡರ್, ಕೇಬಲ್ ನೋಡಿ. ಒಂದೇ ಗೇರ್ ಕರಕರ ಎಂದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿದೆ. ಗೇರ್ ತಾನಾಗಿ ಹೊರಬೀಳುತ್ತಿದ್ದರೆ ಮೊದಲು ಲಿವರಿನ ಜೋಡಣೆ, ಮೌಂಟಿಂಗ್ ನೋಡಿ, ಆಮೇಲೆ ಒಳಗೆ ಹೋಗಿ. ಏರಿನಲ್ಲಿ ಎಂಜಿನ್ ಕೂಗಿ ಗಾಡಿ ಏಳದಿದ್ದರೆ, ಸುಟ್ಟ ವಾಸನೆ ಬಂದರೆ, ಕ್ಲಚ್ ಪ್ಲೇಟ್ ಮುಗಿದಿದೆ.

ಎರಡೂ ಬಗೆಯ ಗಾಡಿಗೆ ಒಂದೇ ಮಾತು: ಆರ್‌ಸಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಹೇರಬೇಡಿ. ಚೈತ್ರ-ವೈಶಾಖದ ಬಿಸಿಲಿನಲ್ಲಿ ಮಿತಿಮೀರಿ ಹೇರಿದ ಗಾಡಿಗೆ ಹೊಸ ಗೇರ್‌ಬಾಕ್ಸ್ ಹಾಕಿದರೂ ಅದು ಬಾಳುವುದಿಲ್ಲ.

ಗ್ಯಾರೇಜಿನಲ್ಲಿ ಆಡುವ ಮಾತು

ನಮ್ಮ ಗಡಿಭಾಗದ ಹಳ್ಳಿಗಳ ಸದಸ್ಯರಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ವ್ಯವಹಾರದ ಮರಾಠಿ ಬಂದರೂ ಯಂತ್ರದ ಮರಾಠಿ ಹಲವರಿಗೆ ಬರುವುದಿಲ್ಲ. ನಾಚಿಕೊಂಡು ಹೂಂ ಎನ್ನುವುದೇ ದುಬಾರಿಯಾಗುತ್ತದೆ. ಈ ಕೆಲವು ವಾಕ್ಯಗಳನ್ನು ಬರೆದಿಟ್ಟುಕೊಳ್ಳಿ.

ಗೇರು ಬೀಳುವುದಿಲ್ಲ: ಗಿಅರ ಪಡತ ನಾಹೀ.
ಗೇರು ತಡವಾಗಿ ಬೀಳುತ್ತದೆ: ಗಿಅರ ಉಶೀರಾ ಪಡತೋ.
ಗಾಡಿ ಎಳೆಯುವುದಿಲ್ಲ: ಗಾಡೀ ಓಢತ ನಾಹೀ.
ಕಾದ ಮೇಲೆ ಹೀಗಾಗುತ್ತದೆ: ಗರಮ ಝಾಲ್ಯಾವರ ಅಸಂ ಹೋತಂ.
ಜಗ್ಗುತ್ತದೆ: ಝಟಕಾ ಮಾರತೇ.
ಆಯಿಲ್ ಸೋರುತ್ತದೆ: ಆಯಿಲ ಗಳತಂಯ.
ಮೊದಲು ಆಯಿಲ್ ನೋಡಿ: ಆಧೀ ಆಯಿಲ ಬಘಾ.
ಖರ್ಚು ಬರೆದುಕೊಡಿ: ಖರ್ಚ ಲಿಹೂನ ದ್ಯಾ.
ಹಳೆ ಪಾರ್ಟುಗಳನ್ನು ವಾಪಸ್ ಕೊಡಿ: ಜುನೇ ಪಾರ್ಟ ಪರತ ದ್ಯಾ.

ಕೊನೆಯ ಎರಡು ವಾಕ್ಯಗಳನ್ನು ಕನ್ನಡದ ಗ್ಯಾರೇಜಿನಲ್ಲೂ ಕನ್ನಡದಲ್ಲಿ ಹೇಳಬೇಕು. ಬಿಚ್ಚಲೇಬೇಕು ಎಂದರೆ ಮೂರು ಪ್ರಶ್ನೆ ಕೇಳಿ: ಆಯಿಲಿನ ಮಟ್ಟ, ಬಣ್ಣ ಹೇಗಿತ್ತು? ಸ್ಕ್ಯಾನರಿನಲ್ಲಿ ಯಾವ ಕೋಡ್ ಬಂತು? ಒತ್ತಡ ಅಳೆದು ನೋಡಿದಿರಾ? ಮೂರಕ್ಕೂ ನೇರ ಉತ್ತರ ಕೊಡುವವರ ಕೈಗೆ ಗಾಡಿ ಕೊಡಿ, ಅವರು ಕೇಳುವ ಕೂಲಿಯನ್ನು ಚೌಕಾಸಿ ಇಲ್ಲದೆ ಕೊಡಿ. ಅಂಥವರು ನಮ್ಮ ಸಾಂಗ್ಲಿ-ಮಿರಜದಲ್ಲಿ ಇದ್ದಾರೆ, ಮರಾಠಿಯವರೂ ಇದ್ದಾರೆ, ಕನ್ನಡದವರೂ ಇದ್ದಾರೆ.

ಮನೆಯಲ್ಲಿ ನೋಡುವವರಿಗೆ ಒಂದು ಕೈಮುಗಿತ. ಬರೀ ಜ್ಯಾಕಿನ ಆಸರೆಯಲ್ಲಿ ನಿಂತ ಗಾಡಿಯ ಕೆಳಗೆ ಹೋಗಬೇಡಿ. ಎಂಜಿನ್ ಚಾಲೂ ಇದ್ದಾಗ ಯಾರೂ ಕೆಳಗಿರಬಾರದು. ಇಳಿಸಿದ ಆಯಿಲನ್ನು ಗಟಾರಕ್ಕೆ ಚೆಲ್ಲಬೇಡಿ, ಅದು ಹೋಗಿ ಸೇರುವುದು ನಾವು ಕುಡಿಯುವ ಕೃಷ್ಣೆಯನ್ನೇ. ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ.

ಮುಂದಿನ ಮಾಸಿಕ ಸಭೆ ಮುಗಿದ ಮೇಲೆ ವರ್ಕ್‌ಶಾಪಿನ ನಮ್ಮ ಹಿರಿಯರು ಅರ್ಧ ತಾಸು ಕೂತು ಸದಸ್ಯರ ಪ್ರಶ್ನೆಗಳಿಗೆ ಉತ್ತರ ಹೇಳಲು ಒಪ್ಪಿದ್ದಾರೆ. ಗಾಡಿ ತರುವವರು ತನ್ನಿ, ತರಲಾಗದವರು ವಹಿಯಲ್ಲಿ ಬರೆದುಕೊಂಡು ಬನ್ನಿ. ಜತ್ತದ ನಮ್ಮ ಸದಸ್ಯರೂ ಬರುತ್ತೇನೆ ಎಂದಿದ್ದಾರೆ. ಬರುವಾಗ ಬೇದಾಣೆ ತರುತ್ತಾರಂತೆ, ಅದೇ ಗಾಡಿಯಲ್ಲಿ.

— ಕಾರ್ಯದರ್ಶಿ